ಅಗಿಯದೆ ನುಂಗಿದ ಒಂದು ವರ್ಷ

ನಾನು ನಡೆದರೆ ಸದ್ದಾಗುತ್ತದೆ. ಗೆಜ್ಜೆಯದಲ್ಲ, ಆ ವಯಸ್ಸು ದಾಟಿ ಬಹಳ ದಿನವಾಯಿತು. ನನ್ನ ಹೆಗಲ ಚೀಲದಲ್ಲಿ ನಾಲ್ಕು ಮಾತ್ರೆ ಡಬ್ಬಿಗಳಿವೆ. ಹೆಜ್ಜೆ ಇಟ್ಟ ಹಾಗೆಲ್ಲ ಅವು ಮಗುವಿನ ಗಿಲಕಿಯಂತೆ ಅಲ್ಲಾಡುತ್ತವೆ. ಮಳವಳ್ಳಿಯಿಂದ ನಮ್ಮ ಶಾಲೆಯ ಊರಿಗೆ ಹೋಗುವ ಖಾಸಗಿ ಬಸ್ಸು ಹಳ್ಳಕ್ಕೆ ಇಳಿದು ಎದ್ದಾಗ, ಮುಂದಿನ ಸೀಟಿನ ಕೈಗೂಸು ಅಳು ನಿಲ್ಲಿಸಿ ನನ್ನ ಕಡೆ ತಿರುಗುವುದುಂಟು. ತಾಯಂದಿರಿಗೆ ನನ್ನನ್ನು ಕಂಡರೆ ಖುಷಿ. ಕಂಡಕ್ಟರ್ ಮಾತ್ರ ಒಂದು ದಿನ, "ಚೀಲ್ದ್ ತುಂಬಾ ಚಿಲ್ರೆ ಮಡೀಕಂಡು ಐನೂರರ ನೋಟ್ ಕೊಡ್ತೀರಲ್ಲ ಮೇಡಂ, ನ್ಯಾಯವಾ?" ಎಂದು ಮುನಿಸಿಕೊಂಡಿದ್ದ. ಅದು ಚಿಲ್ಲರೆಯಲ್ಲಪ್ಪ, ಕಬ್ಬಿಣ ಮತ್ತು ಸುಣ್ಣ ಎಂದು ಹೇಳಿದರೆ ಮನೆ ಕಟ್ಟಿಸುತ್ತಿದ್ದೇನೆ ಅಂದುಕೊಂಡಾನು ಎಂದು ಸುಮ್ಮನಾದೆ.

ವಿಷಯ ಇಷ್ಟೇ. ನನಗೆ ತೂಕ ಇಳಿಸುವ ಆಪರೇಷನ್ ಆಗಿದೆ. ಐವತ್ತರ ಅಂಚಿನಲ್ಲಿ ನೂರಾ ನಾಲ್ಕು ಕೆಜಿ ಇದ್ದೆ, ಜೊತೆಗೆ ಸಕ್ಕರೆ ಕಾಯಿಲೆ. ಮೈಸೂರಿನ ಡಾಕ್ಟರು ಒಂದು ಹಾಳೆಯ ಮೇಲೆ ಚಿತ್ರ ಬರೆದು ತೋರಿಸಿದರು: ಹೊಟ್ಟೆಯನ್ನು ನಿಂಬೆಹಣ್ಣಿನಷ್ಟು ಚಿಕ್ಕದು ಮಾಡಿ, ಸಣ್ಣ ಕರುಳಿನ ಮೇಲಿನ ಭಾಗವನ್ನು ಪಕ್ಕಕ್ಕೆ ಬಿಟ್ಟು, ಕೆಳಗಿನ ಭಾಗಕ್ಕೆ ನೇರವಾಗಿ ಜೋಡಿಸುವುದು. ಇಪ್ಪತ್ತೈದು ವರ್ಷದಿಂದ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಹೇಳುತ್ತಿರುವವಳು ನಾನು. ಕರುಳಿನ ಚಿತ್ರವನ್ನು ಕಣ್ಣು ಮುಚ್ಚಿ ಬರೆಯಬಲ್ಲೆ. ಆದರೆ ಮಂಡ್ಯ ಜಿಲ್ಲೆಯಲ್ಲಿ ಹುಟ್ಟಿದವಳಿಗೆ ಆ ಚಿತ್ರದಲ್ಲಿ ಕರುಳು ಕಾಣಲಿಲ್ಲ, ನಾಲೆ ಕಂಡಿತು. ನಾಲೆಯ ಮೇಲ್ಭಾಗದವರು ಯಾವತ್ತೂ ನೀರು ಕಟ್ಟಿಕೊಂಡು ಮೆರೆಯುತ್ತಾರೆ, ಕೊನೇ ಭಾಗದ ನಮ್ಮ ಮಳವಳ್ಳಿಯವರು ಪ್ರತಿ ಬೇಸಿಗೆ ತೂಬಿನ ಹತ್ತಿರ ನಿಂತು ಕೂಗುತ್ತಾರೆ. ಇಲ್ಲಿ ನೋಡಿದರೆ, ನೀರು ಮೊದಲು ಕೊನೇ ಭಾಗಕ್ಕೆ! ನಮ್ಮ ತಾಲ್ಲೂಕು ತಲೆಮಾರುಗಳಿಂದ ಕೇಳುತ್ತಿದ್ದ ನ್ಯಾಯ ಕಡೆಗೂ ನನ್ನ ಹೊಟ್ಟೆಯೊಳಗೆ ಜಾರಿಗೆ ಬಂತು.

ಆದರೆ ಮೇಲಿನ ಗದ್ದೆ ಒಣಗಿದರೆ ಅದಕ್ಕೂ ಒಂದು ತಾಪತ್ರಯವಿದೆ. ಊಟದ ಕಬ್ಬಿಣ, ಸುಣ್ಣ ಇವೆಲ್ಲ ಮೈಗೆ ಹತ್ತುವುದು ಹೆಚ್ಚಾಗಿ ಆ ಮೇಲ್ಭಾಗದಲ್ಲೇ. ಬಿ-ಹನ್ನೆರಡು ಎಂಬ ಇನ್ನೊಬ್ಬ ಮಹಾರಾಯ ಮೈಗೆ ಹತ್ತಬೇಕಾದರೆ ಹಳೆಯ ಹೊಟ್ಟೆಯ ರಸದ ಕೈ ಹಿಡಿದುಕೊಂಡೇ ಕೆಳಗೆ ಹೋಗಬೇಕು. ಆ ಹಳೆಯ ಹೊಟ್ಟೆಯನ್ನೇ ಪಕ್ಕಕ್ಕೆ ಬಿಟ್ಟು ದಾರಿ ಮಾಡಿದ ಮೇಲೆ ಇವರೆಲ್ಲ ಅನಾಥರು. ಅದಕ್ಕೇ ಡಾಕ್ಟರು, "ವಿಟಮಿನ್ ಮಾತ್ರೆ ಜೀವನಪೂರ್ತಿ ತಗೋಬೇಕು, ಮರೀಬಾರದು" ಎಂದರು. ಮರೆಯುವುದೆ? ನಾನೆ? ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಬಸ್ ಸ್ಟಾಂಡಿನಿಂದ ಎರಡು ಸಲ ವಾಪಸು ಬಂದು ನೋಡುವವಳು ನಾನು. ಚಿಂತೆ ಮಾಡುವುದಕ್ಕೆ ವೈದ್ಯರೇ ಜೀವನಪೂರ್ತಿ ಪರವಾನಗಿ ಕೊಟ್ಟಂತಾಯಿತು ಎಂದು ಒಳಗೊಳಗೇ ಸಮಾಧಾನವೂ ಆಯಿತು.

ನಿಜ ಹೇಳಬೇಕೆಂದರೆ ನಾನು ಕತ್ತಿಗೆ ಹೊಟ್ಟೆ ಒಡ್ಡಿದ್ದು ನನ್ನೊಬ್ಬಳ ಸಲುವಾಗಿ ಅಲ್ಲ. ನಮ್ಮನೆಯವರ ಸಲುವಾಗಿಯೂ ಹೌದು.

ನಮ್ಮನೆಯವರು ಮದ್ದೂರು ರಸ್ತೆಯಲ್ಲಿರುವ ಒಂದು ವೇಬ್ರಿಡ್ಜಿನಲ್ಲಿ ತೂಕ ಹಾಕುವ ಕೆಲಸದಲ್ಲಿದ್ದಾರೆ. ಕಬ್ಬಿನ ಟ್ರ್ಯಾಕ್ಟರು, ಭತ್ತದ ಲಾರಿ, ಎಳನೀರಿನ ಗಾಡಿ, ಎಲ್ಲವೂ ಅವರ ಮುಂದೆ ಬಂದು ನಿಂತು ತಮ್ಮ ಭಾರ ಒಪ್ಪಿಸಿ ಹೋಗುತ್ತವೆ. ಒಂದು ಹೊರೆ ಹೆಚ್ಚು ಕಡಿಮೆಯಾದರೂ ಕಣ್ಣಲ್ಲೇ ಹೇಳುವ ಮನುಷ್ಯ, ತಾವು ಮಾತ್ರ ತಾವಾಗಿ ಯಾವ ತಕ್ಕಡಿಯನ್ನೂ ಹತ್ತಿದವರಲ್ಲ. ಒಮ್ಮೆ ನಾನು ಕಾಡಿದ್ದಕ್ಕೆ ತಮ್ಮ ವೇಬ್ರಿಡ್ಜಿನ ಮೇಲೇ ನಿಂತು, "ನೋಡು, ಇದ್ರಲ್ಲಿ ನಾನ್ ಲೆಕ್ಕುಕ್ಕೇ ಬರಾಕಿಲ್ಲ" ಎಂದು ಹೆಮ್ಮೆಯಿಂದ ತೋರಿಸಿದ್ದರು. ಟನ್ನುಗಟ್ಟಲೆ ತೂಗುವ ಯಂತ್ರಕ್ಕೆ ಮನುಷ್ಯನ ಭಾರ ಒಂದು ಭಾರವೇ? ಆಸ್ಪತ್ರೆಯ ತಕ್ಕಡಿಗೆ ಬಂದಿತ್ತು: ನೂರಾ ಇಪ್ಪತ್ತೆಂಟು.

ಸಂಖ್ಯೆ ಇರಲಿ. ಭಾನುವಾರ ಮಧ್ಯಾಹ್ನ ಬಾಡೂಟ ಮುಗಿಸಿ ಅವರು ಹಜಾರದಲ್ಲಿ ಮಲಗಿದರೆ ಗೊರಕೆ ಬೀದಿಗೆ ಕೇಳುತ್ತದೆ. ಗೊರಕೆಗೆ ನಾನು ಹೆದರುವವಳಲ್ಲ. ಗೊರಕೆ ನಿಲ್ಲುತ್ತದಲ್ಲ, ಅದಕ್ಕೆ ಹೆದರುತ್ತೇನೆ. ಇದ್ದಕ್ಕಿದ್ದಂತೆ ಸದ್ದು ಅಡಗಿ, ಎದೆ ಏಳದೆ ಬೀಳದೆ ನಿಂತುಬಿಡುತ್ತದೆ. ನಾನು ಅವರೆಕಾಯಿ ಸುಲಿಯುವುದನ್ನು ಬಿಟ್ಟು ಎಣಿಸುತ್ತೇನೆ. ಎಂಟು, ಒಂಬತ್ತು, ಹತ್ತು... ಆಮೇಲೆ ನೀರಿನಿಂದ ಮೇಲೆದ್ದವರಂತೆ ಗಬಕ್ಕನೆ ಉಸಿರು ಎಳೆದುಕೊಂಡು ಮತ್ತೆ ಶುರು. ಡಾಕ್ಟರು ಹೇಳಿಯಾಗಿತ್ತು: ಇದು ಒಳ್ಳೆಯದಲ್ಲ, ಮೇಲೆ ಇವರಿಗೂ ಸಕ್ಕರೆ ಕಾಯಿಲೆಯಿದೆ, ಇವರಿಗೂ ಆಪರೇಷನ್ ಆದರೆ ಒಳ್ಳೆಯದು. ನಮ್ಮನೆಯವರು ಸುಲಭಕ್ಕೆ ಜಗ್ಗಲಿಲ್ಲ. ಕಡೆಗೆ ಅವರ ತಾಯಿಯ ಎದುರಿಗೇ ಒಂದು ಕರಾರು ಹಾಕಿದರು.

"ನೀನ್ ಮೊದ್ಲು ಮಾಡಿಸ್ಕೊ. ಒಂದ್ ವರ್ಸ ನೋಡಾನ. ನಿನ್ ರಕ್ತ ಗಟ್ಟಿಯಾಗಿದ್ರೆ ನಾನೂ ಬತ್ತೀನಿ. ಸುಮ್ಕೆ ಒಟ್ಟೆ ಕುಯ್ಸ್ಕಂಡು ಬಿಳಿಚ್ಕಂಡು ಕೂತ್ಕಳದಾದ್ರೆ ಮಾತೇ ಇಲ್ಲ, ಬುಟ್ಬುಡು."

"ಸರ್ಯಾಗೇಳ್ದೆ ಕಣ್ಮಗ" ಎಂದರು ನಮ್ಮತ್ತೆ. "ಮಾದಪ್ಪ ಕೊಟ್ಟಿರಾ ಒಟ್ಟೆಯ ಕುಯ್ಯಾಕೆ ಇವ್ರ್ಯಾರು?"

ಹೀಗೆ ನಮ್ಮನೆಯವರ ಉಸಿರು ನನ್ನ ರಕ್ತಕ್ಕೆ ಜೋತುಬಿತ್ತು.

ಮೊದಲ ಆರು ತಿಂಗಳು ನಾನು ನೆಲದ ಮೇಲೆ ಇರಲಿಲ್ಲ. ಬಳೆಗಳು ಮೊಣಕೈವರೆಗೆ ಹೋಗಿ ಬರತೊಡಗಿದವು. ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಡಾಕ್ಟರು ನಿಲ್ಲಿಸಿದರು. ರವಿಕೆ ಹೊಲಿಯುವ ಹೆಂಗಸು ಹಳೆಯ ಅಳತೆ ಬರೆದ ಹಾಳೆಯನ್ನು ನೋಡಿ, "ಇದು ನಿಮ್ಮಕ್ಕುಂದಾ?" ಎಂದು ಕೇಳಿದಳು, ಅಲ್ಲ ಎನ್ನುವುದಕ್ಕೆ ನನಗೆ ಮನಸ್ಸೇ ಬರಲಿಲ್ಲ. ಮದ್ದೂರಿನಿಂದ ಬಂದವರು ತಂದ ವಡೆ ಒಂದನ್ನು ಬೆಳಿಗ್ಗೆ ಮುರಿದರೆ ಸಂಜೆಗೆ ಮುಗಿಯುತ್ತಿತ್ತು. ಮಾತ್ರೆಗಳ ವಿಷಯದಲ್ಲಂತೂ ನಾನು ಮಾದರಿ ವಿದ್ಯಾರ್ಥಿನಿ. ಅಡುಗೆಮನೆಯ ಸಾಸಿವೆ ಜೀರಿಗೆಯ ಸ್ಟೀಲ್ ಡಬ್ಬಿಯಲ್ಲಿ ಏಳು ಬಟ್ಟಲಿರುತ್ತವಲ್ಲ, ಅಂಥದ್ದೇ ಹೊಸದೊಂದನ್ನು ತಂದು ಒಂದೊಂದು ಬಟ್ಟಲಿಗೆ ಒಂದೊಂದು ವಾರದ ಹೆಸರಿಟ್ಟೆ. ಅತ್ತೆ ಒಂದು ಗುರುವಾರವನ್ನು ಪೂರ್ತಿ ಸೊಪ್ಪಿನ ಸಾರಿನ ಒಗ್ಗರಣೆಗೆ ಸುರಿಯುವುದರಲ್ಲಿದ್ದರು, ಕೈ ಹಿಡಿದು ತಪ್ಪಿಸಿದೆ. ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಮಾತ್ರೆಯ ಗುರುತು. ಒಂದು ದಿನವೂ ಖಾಲಿ ಇಲ್ಲ.

ಬೆಳಿಗ್ಗೆ ಏಳೂವರೆಗೆ, ಬಸ್ಸಿಗೆ ಓಡುವ ಮುಂಚೆ, ಆ ದಿನದ ಬಟ್ಟಲನ್ನು ಅಂಗೈಗೆ ಬಗ್ಗಿಸಿಕೊಳ್ಳುತ್ತಿದ್ದೆ: ಕಬ್ಬಿಣದ್ದು, ಕ್ಯಾಲ್ಸಿಯಂ, ಬಿ-ಹನ್ನೆರಡು, ಎಲ್ಲ ವಿಟಮಿನ್ನೂ ಸೇರಿದ ಇನ್ನೊಂದು. ತಲೆ ಹಿಂದಕ್ಕೆ ಎಸೆದು ಒಂದೇ ಗುಟುಕಿಗೆ ಎಲ್ಲವನ್ನೂ ಒಳಗೆ ಕಳಿಸಿ, ಮೇಲೆ ಅತ್ತೆ ಕೊಟ್ಟ ಹಾಲು ಹಾಕಿದ ರಾಗಿ ಗಂಜಿ, ಅದರ ಮೇಲೆ ಅರ್ಧ ಲೋಟ ಟೀ. ಕೆಲಸ ಮುಗಿಯಿತು. ಈ ಚುರುಕಿನ ಬಗ್ಗೆ ಸ್ಟಾಫ್ ರೂಮಿನಲ್ಲಿ ಹೇಳಿಕೊಂಡಿದ್ದೆ ಕೂಡ.

ಆದರೂ ಒಂಬತ್ತನೆಯ ತಿಂಗಳ ಹೊತ್ತಿಗೆ ಏನೋ ಎಡವಟ್ಟಾಗತೊಡಗಿತು. ಶಾಲೆಯ ಮಹಡಿ ಹತ್ತುವಾಗ ಏದುಸಿರು. ಪಾದಗಳಲ್ಲಿ ಜುಮುಜುಮು. ಬಾಚಣಿಗೆಯ ತುಂಬ ಕೂದಲು. ಎಲ್ಲಕ್ಕಿಂತ ವಿಚಿತ್ರವೆಂದರೆ, ಕಪ್ಪು ಹಲಗೆಯ ಮುಂದೆ ನಿಂತಾಗ ಸೀಮೆಸುಣ್ಣದ ವಾಸನೆಗೆ ಬಾಯಲ್ಲಿ ನೀರೂರುತ್ತಿತ್ತು. ಇಪ್ಪತ್ತೈದು ವರ್ಷ ಮಾಡಿದ ವೃತ್ತಿಯ ಮೇಲೆ ಈಗ ಪ್ರೀತಿ ಹುಟ್ಟುತ್ತಿದೆಯೇ ಎಂದು ನಾನು ಭಾವುಕಳಾದೆ. ಒಂದು ದಿನ ಎಂಟನೇ ಕ್ಲಾಸಿನವರು ಬೆನ್ನು ತಿರುಗಿಸಿದ್ದಾಗ ತುದಿಯನ್ನು ನೆಕ್ಕಿಯೂ ನೋಡಿದೆ. ಚೆನ್ನಾಗಿತ್ತು. ರಕ್ತದಲ್ಲಿ ಕಬ್ಬಿಣ ಕಡಿಮೆಯಾದರೆ ಮಣ್ಣು, ಸುಣ್ಣ ತಿನ್ನುವ ಆಸೆಯಾಗುತ್ತದೆ ಎಂದು ನಾನೇ ಪಾಠ ಮಾಡಿದ್ದೇನೆ. ಆದರೆ ನಮ್ಮ ಪಾಠ ನಮಗೆ ಎಂದಾದರೂ ಕೇಳಿಸುತ್ತದೆಯೇ?

ವರ್ಷದ ರಕ್ತಪರೀಕ್ಷೆ ಬಂತು. ಹಿಮೋಗ್ಲೋಬಿನ್ ಕಮ್ಮಿ. ಕಬ್ಬಿಣದ ದಾಸ್ತಾನು ತಳ ಕಂಡಿತ್ತು. ಬಿ-ಹನ್ನೆರಡು ಕಮ್ಮಿ. ಡಾಕ್ಟರು ಕನ್ನಡಕದ ಮೇಲಿನಿಂದ ನೋಡಿ, "ಮಾತ್ರೆ ತಪ್ಪಿಸ್ತಿದ್ದೀರಾ?" ಎಂದರು. ನನಗೆ ಕಣ್ಣಲ್ಲಿ ನೀರು ಬಂತು. ಕ್ಯಾಲೆಂಡರನ್ನೇ ಮೈಸೂರಿಗೆ ಹೊತ್ತು ತರಬೇಕಿತ್ತು ಅನ್ನಿಸಿತು. ಬಿ-ಹನ್ನೆರಡರ ಇಂಜೆಕ್ಷನ್ ಒಂದನ್ನು ಅವತ್ತೇ ಚುಚ್ಚಿಸಿದರು. "ಮೂರು ತಿಂಗಳು ನೋಡೋಣ. ಏರದಿದ್ದರೆ ಕಬ್ಬಿಣವನ್ನು ಡ್ರಿಪ್ಪಿನಲ್ಲಿ ಹಾಕಬೇಕಾಗುತ್ತೆ" ಎಂದರು. ನನಗೆ ಡ್ರಿಪ್ಪಿನ ಚಿಂತೆಯಿರಲಿಲ್ಲ. ಬಾಗಿಲ ಹತ್ತಿರ ನಿಂತು ಎಲ್ಲ ಕೇಳಿಸಿಕೊಂಡ ನಮ್ಮನೆಯವರ ಮುಖದಲ್ಲಿ ಒಂದು ಬಗೆಯ ಬಿಡುಗಡೆಯ ಕಳೆ ಬಂದಿತ್ತು. ಅದರ ಚಿಂತೆಯಾಯಿತು.

"ನೋಡ್ದಾ?" ಎಂದರು ದಾರಿಯಲ್ಲಿ. ಅಷ್ಟೇ. ಬೈದಿದ್ದರೆ ಜಗಳವಾದರೂ ಆಡಬಹುದಿತ್ತು.

ಮನೆಯಲ್ಲಿ ಅತ್ತೆ ನನ್ನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. "ಬೆಳ್ಳಗೆ ಸುಣ್ಣದ್ ಗ್ವಾಡೆ ಆದಂಗ್ ಆಗದೆ ಕಣಮ್ಮಿ. ಬ್ಯಾಡ ಅಂದೆ, ಕೇಳ್ದಾ?" ಎಂದು ಗದರಿ, ಒಳಗೆ ಹೋಗಿ ಗಂಜಿಯ ಲೋಟ ಇನ್ನೂ ದೊಡ್ಡದು ಮಾಡಿಕೊಂಡು ಬಂದರು. ಆ ಮುದುಕಿಯ ಕೋಪ ಯಾವಾಗಲೂ ಲೋಟದಲ್ಲೇ ಬರುತ್ತದೆ.

ಮಾರನೆಯ ವಾರ ಹೊಸ ಚೀಟಿ ಹಿಡಿದು ಮಳವಳ್ಳಿ ಬಸ್ ಸ್ಟಾಂಡಿನ ಹತ್ತಿರದ ಔಷಧಿ ಅಂಗಡಿಗೆ ಹೋದೆ. ಅದನ್ನು ನಡೆಸುವವಳು ಶಬಾನಾ, ನನ್ನ ಹಳೆಯ ವಿದ್ಯಾರ್ಥಿನಿ. ಫಾರ್ಮಸಿ ಓದಿ ಬಂದು ತಂದೆಯ ಅಂಗಡಿಯನ್ನು ಈಗ ಅವಳೇ ನೋಡಿಕೊಳ್ಳುತ್ತಾಳೆ. ಆ ದಿನ ಬೆಳಿಗ್ಗೆ ಗಡಿಬಿಡಿಯಲ್ಲಿ ಮಾತ್ರೆ ನುಂಗುವುದು ತಪ್ಪಿಹೋಗಿತ್ತು. ಕ್ಯಾಲೆಂಡರಿನಲ್ಲಿ ಖಾಲಿ ಬೀಳುತ್ತದಲ್ಲ ಎಂಬ ಆತಂಕಕ್ಕೆ ಅಲ್ಲೇ ಕೌಂಟರಿನ ಮುಂದೆ ಪಟ್ಟಿಗಳನ್ನು ಬಿಡಿಸಿ, ನಾಲ್ಕು ಮಾತ್ರೆ ಅಂಗೈಗೆ ಹಾಕಿಕೊಂಡು, ತಲೆ ಹಿಂದಕ್ಕೆ ಎಸೆದು, ನೀರೂ ಇಲ್ಲದೆ ಗುಳುಂ ಅನ್ನಿಸಿದೆ.

ಶಬಾನಾ ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟಳು. "ಮಿಸ್! ಏನ್ ಮಾಡಿದ್ರಿ?"

"ಮಾತ್ರೆ ತಗೊಂಡೆ ಕಣೇ."

"ಅದು ಅಗಿಯೋ ಮಾತ್ರೆ, ಮಿಸ್. ಈ ದೊಡ್ಡದು ಎರಡೂ. ಇದು ನಾಲಿಗೆ ಕೆಳಗೆ ಇಟ್ಟು ಕರಗಿಸೋದು. ಕಬ್ಬಿಣದ್ದು ಒಂದೇ ನುಂಗೋದು. ಅದನ್ನೂ ಕ್ಯಾಲ್ಸಿಯಂ ಜೊತೆ ನುಂಗಂಗಿಲ್ಲ. ಒಂದು ವರ್ಷದಿಂದ ಹಿಂಗೇನಾ?"

ನಾನು ಗಂಜಿಯ ವಿಷಯ ಹೇಳಿದೆ. ಟೀ ವಿಷಯವನ್ನೂ ಹೇಳಿದೆ. ಅವಳು ಒಂದೊಂದಕ್ಕೂ ಹಣೆ ಒತ್ತಿಕೊಂಡಳು. ಪಕ್ಕದಲ್ಲಿ ಕೆಮ್ಮಿನ ಔಷಧಿಗೆ ಬಂದಿದ್ದ ಮುದುಕರೊಬ್ಬರು ಕೆಮ್ಮುವುದನ್ನು ನಿಲ್ಲಿಸಿ ಆಲಿಸುತ್ತಿದ್ದರು.

"ಮಿಸ್, ಬೇಜಾರ್ ಮಾಡ್ಕೋಬೇಡಿ, ಒಂದ್ ಮಾತು ಕೇಳ್ತೀನಿ" ಎಂದಳು ಶಬಾನಾ. "ಎಂಟನೇ ಕ್ಲಾಸಲ್ಲಿ ನೀವು ನನ್ನ ಬೆಂಚ್ ಮೇಲೆ ನಿಲ್ಲಿಸಿದ್ರಿ, ಜ್ಞಾಪಕ ಇದೆಯಾ? ಜೀರ್ಣಕ್ರಿಯೆ ಎಲ್ಲಿ ಶುರುವಾಗುತ್ತೆ ಅಂತ ಕೇಳಿದ್ರಿ. ನಾನು ಹೊಟ್ಟೆಯಲ್ಲಿ ಅಂದೆ. ಎಲ್ಲಿ ಮಿಸ್ ಶುರುವಾಗೋದು?"

"ಬಾಯಲ್ಲಿ" ಎಂದೆ, ಸಣ್ಣ ದನಿಯಲ್ಲಿ.

"ಏನಂದ್ರಿ ಮೇಷ್ಟ್ರಮ್ಮಾ, ಕೇಳ್ನಿಲ್ಲ" ಎಂದರು ಕೆಮ್ಮಿನ ಮುದುಕರು.

ನಾನು ದಡ್ಡಿಯಲ್ಲ ಎಂದು ಇಲ್ಲಿ ನಿಮಗಾದರೂ ಸಮಜಾಯಿಷಿ ಕೊಡಬೇಕು. ಆಸ್ಪತ್ರೆಯವರು ಎಲ್ಲವನ್ನೂ ಬರೆದ ಹಾಳೆ ಕೊಟ್ಟಿದ್ದರು. ಅದನ್ನು ಲ್ಯಾಮಿನೇಷನ್ ಮಾಡಿಸಿ ಫ್ರಿಜ್ಜಿಗೆ ಅಂಟಿಸಿದ್ದೆ. ಮಾತ್ರೆ ಡಬ್ಬಿಯೊಳಗಿನ ಆ ಸಣ್ಣಕ್ಷರದ ಚೀಟಿಗಳನ್ನೂ ಓದಿದ್ದೆ, ಆದರೆ ಚಿಂತೆಯ ಸ್ವಭಾವದವರು ಅದರಲ್ಲಿ ಓದುವುದು ಒಂದೇ ಭಾಗ: ಏನೇನು ತೊಂದರೆಯಾಗಬಹುದು ಎಂಬ ಪಟ್ಟಿ. ಲಕ್ಷಕ್ಕೆ ಒಬ್ಬರಿಗೆ ಬರುವ ತುರಿಕೆಯೂ ನನಗೆ ಬಾಯಿಪಾಠ. ಮಾತ್ರೆಯನ್ನು ತೆಗೆದುಕೊಳ್ಳುವುದು ಹೇಗೆ ಎಂಬ ಸಾಲಿನ ಮೇಲೆ ಮಾತ್ರ ಕಣ್ಣು ನಿಲ್ಲಲಿಲ್ಲ. ಬಾಯಿಗೆ ಹಾಕಿದ್ದನ್ನು ಏನು ಮಾಡಬೇಕೆಂದು ನಮ್ಮ ಕಡೆಯವರಿಗೆ ಬರೆದು ಹೇಳಬೇಕೆ? ನುಂಗಬೇಕು!

ಹೊರಗಿನವರಿಗೆ ಇದು ಅರ್ಥವಾಗುವುದಿಲ್ಲ. ನಮ್ಮಲ್ಲಿ ಮಗುವಿಗೆ ಅಕ್ಷರಾಭ್ಯಾಸಕ್ಕಿಂತ ಮುಂಚೆ ಆಗುವುದು ಮುದ್ದೆಯ ಅಭ್ಯಾಸ. ಬಿಸಿ ಮುದ್ದೆಯಿಂದ ಒಂದು ತುತ್ತು ಮುರಿದು, ಬೆರಳಲ್ಲಿ ಉರುಟಿಸಿ, ಸಾರಿನಲ್ಲಿ ಹೊರಳಿಸಿ, ಹಲ್ಲಿಗೆ ತಾಗಿಸದೆ ಗಂಟಲಿಗೆ ಜಾರಿಸಬೇಕು. ಅಗಿದರೆ ಹಲ್ಲಿಗೆ ಅಂಟಿಕೊಳ್ಳುತ್ತದೆ, ರುಚಿಯೂ ಕೆಡುತ್ತದೆ, ಮಾನವೂ ಹೋಗುತ್ತದೆ. ನನ್ನ ಅಜ್ಜಿ ನನ್ನ ಕೆನ್ನೆ ಅಲ್ಲಾಡುವುದನ್ನು ಕಂಡರೆ ಬೆರಳಲ್ಲಿ ತಿವಿಯುತ್ತಿದ್ದಳು: "ಅಗೀಬ್ಯಾಡ ಕಣೇ, ನುಂಗು! ಪ್ಯಾಟೆವ್ರಂಗೆ ಮೆಲುಕ್ ಆಕ್ತಾ ಕುಂತವ್ಳೆ." ಬೀಗರ ಊಟದ ಪಂಕ್ತಿಯಲ್ಲಿ ಹೊಸ ಅಳಿಯ ಎಂಥ ಮನೆತನದವನು ಎಂದು ತಿಳಿಯಲು ಹಿರಿಯರು ಬೇರೇನೂ ಕೇಳುವುದಿಲ್ಲ, ದವಡೆ ನೋಡುತ್ತಾರೆ. ಶಾಲೆಯ ಮಕ್ಕಳನ್ನು ಕೊಕ್ಕರೆ ಬೆಳ್ಳೂರಿಗೆ ಕರೆದುಕೊಂಡು ಹೋದಾಗಲೆಲ್ಲ ನನಗೆ ಹೆಜ್ಜಾರ್ಲೆ ಹಕ್ಕಿಗಳನ್ನು ಕಂಡು ನೆಂಟರನ್ನು ಕಂಡಷ್ಟು ಸಂತೋಷವಾಗುತ್ತದೆ. ಮೀನು ಸಿಕ್ಕಿತೋ, ಕೊಕ್ಕು ಮೇಲಕ್ಕೆತ್ತಿತೋ, ಮುಗಿಯಿತು. ಅವಕ್ಕೆ ಹಲ್ಲಿಲ್ಲ, ನಮಗಿವೆ. ಬಾಡು ಅಗಿಯಲು ಬೇಕಲ್ಲ, ಅದಕ್ಕೆ.

ಹೊಸ ಹೊಟ್ಟೆಗೆ ಮುದ್ದೆಯನ್ನು ಹಾಗೆ ನುಂಗುವುದು ಆಗದೆಂದು ಆಪರೇಷನ್ ಆದ ಹೊಸದರಲ್ಲೇ ಕಲಿತಿದ್ದೆ. ಊಟವನ್ನು ಮೆತ್ತಗೆ ಮಾಡಿಕೊಂಡು, ಅಗಿದು, ನಿಧಾನವಾಗಿ ತಿನ್ನುತ್ತಿದ್ದೆ. ಆದರೆ ಐವತ್ತು ವರ್ಷದ ಗಂಟಲು ಸುಮ್ಮನಿರುತ್ತದೆಯೇ? ಅನ್ನದಲ್ಲಿ ಕಳೆದುಕೊಂಡ ಹಕ್ಕನ್ನು ಅದು ಮಾತ್ರೆಯಲ್ಲಿ ವಸೂಲು ಮಾಡುತ್ತಿತ್ತು. ಡಾಕ್ಟರೂ ಕೇಳಲಿಲ್ಲ. ಮಾತ್ರೆ ತಗೋತೀರಾ ಎಂದು ಕೇಳಿದರು, ಹೂಂ ಅಂದೆ. ಬಾಯೊಳಗೆ ಏನು ಮಾಡುತ್ತೀರಿ ಎಂದು ಒಬ್ಬ ಶಿಕ್ಷಕಿಯನ್ನು ಯಾರು ಕೇಳುತ್ತಾರೆ?

ಶಬಾನಾ ಅಂಗಡಿಯಿಂದಲೇ ಆಸ್ಪತ್ರೆಗೆ ಫೋನ್ ಮಾಡಿಸಿದಳು. ಅವರೂ ಅದನ್ನೇ ಹೇಳಿದರು. ಆಮೇಲೆ ನಾನು ಶಾಲೆಯ ವೇಳಾಪಟ್ಟಿಯ ಹಾಳೆಯ ಮೇಲೆ ನನ್ನ ಹೊಟ್ಟೆಯ ವೇಳಾಪಟ್ಟಿ ಬರೆದೆ. ಕಬ್ಬಿಣ ಮತ್ತು ಕ್ಯಾಲ್ಸಿಯಂ ಒಂದೇ ಮನೆಯ ಓರಗಿತ್ತಿಯರು. ಇಬ್ಬರೂ ಒಟ್ಟಿಗೆ ಅಡುಗೆಮನೆಗೆ ಬಂದರೆ ಯಾರ ಕೆಲಸವೂ ಆಗುವುದಿಲ್ಲ. ಇಬ್ಬರ ನಡುವೆ ಎರಡು ಗಂಟೆಯಾದರೂ ಅಂತರ ಬೇಕು. ಕಬ್ಬಿಣಕ್ಕೆ ನಿಂಬೆಹಣ್ಣಿನ ನೀರು ಪ್ರಿಯ, ಟೀ ಎಂದರೆ ಹಗೆ. ಹಾಗಾಗಿ ಮೊದಲ ಪಿರಿಯಡ್ಡು ಕಬ್ಬಿಣದ್ದು, ನಿಂಬೆ ನೀರಿನ ಜೊತೆ. ಟೀ ಹನ್ನೊಂದಕ್ಕೆ. ಮಧ್ಯಾಹ್ನ, ಸಂಜೆ ಕ್ಯಾಲ್ಸಿಯಂ. ಹಾಲು ಹಾಕಿದ ರಾಗಿ ಗಂಜಿ ಸಂಜೆ ಶಾಲೆಯಿಂದ ಬಂದ ಮೇಲೆ.

ಗಂಜಿಯ ವರ್ಗಾವಣೆಗೆ ಅತ್ತೆಯ ಅನುಮತಿ ಪಡೆಯುವುದು ಸುಲಭವಾಗಲಿಲ್ಲ.

"ರಾಗಿಗೇನ್ ಬಂದದೆ ದೊಡ್ರೋಗ? ನನ್ ಮಗುನ್ ಬೆಳೆಸಿದ್ದು ಅದೇಯ."

"ರಾಗಿಗೆ ಏನೂ ಬಂದಿಲ್ಲತ್ತೆ. ಅದ್ರಲ್ಲಿ ಸುಣ್ಣದಂಶ ಜಾಸ್ತಿ, ಜೊತೆಗೆ ಹಾಲು ಬೇರೆ. ಕಬ್ಬಿಣ ಮೈಗತ್ತಕ್ಕೆ ಬಿಡಲ್ಲ."

ಅತ್ತೆ ಗಂಜಿಯ ಪಾತ್ರೆಯೊಳಗೆ ಇಣುಕಿ ನೋಡಿದರು. "ಅಂಗಾರೆ ಒಂದ್ ವರ್ಸ ನಿನ್ ರಕ್ತವ ಕುಡ್ದಿದ್ದು ನನ್ ಗಂಜಿಯೇ ಅನ್ನು" ಎಂದರು. ದನಿಯಲ್ಲಿ ಜೋರಿರಲಿಲ್ಲ. ನಾನು ಗಾಬರಿಯಾಗಿ, ಇಲ್ಲ, ತಪ್ಪು ನನ್ನದೇ, ಅಗಿಯದೆ ನುಂಗಿದೆ, ಟೀ ಕುಡಿದೆ, ಎಲ್ಲ ಒಟ್ಟಿಗೆ ಹಾಕಿಕೊಂಡೆ ಎಂದು ಒಂದೊಂದಾಗಿ ಒಪ್ಪಿಸಿದೆ. ಅವರು ಮಾರನೆಯ ಬೆಳಿಗ್ಗೆಯಿಂದ ಏಳೂವರೆಗೆ ನಿಂಬೆಹಣ್ಣು ಹಿಂಡಿದ ನೀರಿನ ಲೋಟ ಹಿಡಿದು ಬಾಗಿಲಲ್ಲಿ ನಿಲ್ಲುವುದಕ್ಕೆ ಶುರು ಮಾಡಿದರು. ಸಂಜೆ ನಾನು ಕ್ಯಾಲ್ಸಿಯಂ ಅಗಿಯುವಾಗ ಎದುರಿಗೇ ಕೂರುತ್ತಿದ್ದರು. "ಇನ್ನೂ ಅಗಿ. ಸದ್ದು ಬತ್ತಾ ಇಲ್ಲ. ಮ್ಯಾಕೆ ನೋಡಿಲ್ವಾ ನೀನು? ಅಂಗೆ." ಐವತ್ತೊಂದನೆಯ ವಯಸ್ಸಿನಲ್ಲಿ, ಎಪ್ಪತ್ತೈದರ ಅತ್ತೆಯ ಮೇಲ್ವಿಚಾರಣೆಯಲ್ಲಿ, ನಾನು ಅಗಿಯುವುದನ್ನು ಕಲಿತೆ. ಕ್ಯಾಲ್ಸಿಯಂ ಮಾತ್ರೆ ಕಿತ್ತಳೆಯ ರುಚಿಯದು ಎಂಬುದು ಗೊತ್ತಾಗಿದ್ದೇ ಆಗ. ಒಂದು ವರ್ಷ ದುಡ್ಡು ಕೊಟ್ಟು ಕೊಂಡ ಕಿತ್ತಳೆಯನ್ನು ಕಾಣದೆ ಕಳಿಸಿದ್ದೆನಲ್ಲ!

ಈ ಮೂರು ತಿಂಗಳು ನಮ್ಮನೆಯವರು ನನ್ನ ರಕ್ತದ ಬಗ್ಗೆ ಒಂದು ಮಾತೂ ಆಡಲಿಲ್ಲ. ಆದರೆ ಭಾನುವಾರದ ಬಾಡೂಟದಲ್ಲಿ ನಾನು ಮೂರನೆಯ ಮುದ್ದೆ ಬಡಿಸುವಾಗ ನನ್ನ ಮುಖ ನೋಡದೆ, "ನಾಟಿ ಕೋಳಿ ತಿಂದ್ ರಕ್ತ ಕಣೇ ನಂದು. ಯಾವ್ ವಿಟಮಿನ್ ಮಾತ್ರೆನೂ ಬ್ಯಾಡ" ಎಂದು ತಟ್ಟೆಗೆ ಹೇಳುತ್ತಿದ್ದರು. ಆಮೇಲೆ ಮಲಗುತ್ತಿದ್ದರು. ನಾನು ಎಣಿಸುತ್ತಿದ್ದೆ. ಒಂದು ಭಾನುವಾರ ಹದಿನಾಲ್ಕಕ್ಕೆ ಹೋಯಿತು. ಕೈಯಲ್ಲಿದ್ದ ಅವರೆಕಾಯಿ ಹಾಗೇ ಹಿಸುಕಿಹೋಗಿತ್ತು. ಪಕ್ಕದಲ್ಲಿ ಕೂತಿದ್ದ ಅತ್ತೆಯ ತುಟಿಗಳೂ ಅಲ್ಲಾಡುತ್ತಿದ್ದವು. ಜಪ ಅಂದುಕೊಂಡಿದ್ದೆ, ಅಲ್ಲ. ಅವರೂ ಎಣಿಸುತ್ತಿದ್ದರು. ಉಸಿರು ವಾಪಸು ಬಂದ ಮೇಲೆ ನನ್ನ ಕಡೆ ತಿರುಗಿ, ಮೆಲ್ಲಗೆ, "ನೀನ್ ಸರ್ಯಾಗ್ ಅಗಿ ಕಣಮ್ಮಿ" ಎಂದರು. ಮಾದಪ್ಪ ಕೊಟ್ಟ ಹೊಟ್ಟೆಯ ಮಾತನ್ನು ಆಮೇಲೆ ಅವರು ಎತ್ತಲಿಲ್ಲ.

ಮೂರು ತಿಂಗಳ ರಿಪೋರ್ಟು ಮೊಬೈಲಿಗೆ ಬಂದಾಗ ನಾನು ಸ್ಟಾಫ್ ರೂಮಿನಲ್ಲಿದ್ದೆ. ತೆರೆಯುವ ಧೈರ್ಯವಾಗದೆ ಶಬಾನಾಳಿಗೆ ಕಳಿಸಿದೆ. ಎರಡು ನಿಮಿಷದಲ್ಲಿ ಫೋನ್ ಬಂತು. "ಪಾಸ್, ಮಿಸ್! ಹಿಮೋಗ್ಲೋಬಿನ್ ಸರಿ ಬಂದಿದೆ, ಬಿ-ಹನ್ನೆರಡು ಸರಿ, ಕಬ್ಬಿಣ ದಡ ಸೇರಿದೆ. ಬೆಂಚಿಂದ ಇಳೀಬಹುದು ನೀವು." ಎಂಟನೇ ತರಗತಿಗೆ ಹೋಗಿ ಸೀಮೆಸುಣ್ಣ ಮೂಸಿ ನೋಡಿದೆ. ಬರೀ ಧೂಳಿನ ವಾಸನೆ. ಇಷ್ಟು ಸಂತೋಷ ಕೊಟ್ಟ ಧೂಳನ್ನು ನಾನು ಕಂಡಿಲ್ಲ.

ಸಂಜೆ ಮನೆಗೆ ಹೋಗದೆ ಮದ್ದೂರು ಬಸ್ಸು ಹತ್ತಿ ನೇರ ವೇಬ್ರಿಡ್ಜಿಗೆ ಹೋದೆ. ಕಬ್ಬಿನ ಟ್ರ್ಯಾಕ್ಟರುಗಳು ಸಾಲುಗಟ್ಟಿದ್ದವು. ನಮ್ಮನೆಯವರು ಕನ್ನಡಕ ಹಾಕಿಕೊಂಡು ರಿಪೋರ್ಟನ್ನು ಮೇಲಿನಿಂದ ಕೆಳಗೆ ಓದಿದರು, ಮತ್ತೆ ಕೆಳಗಿನಿಂದ ಮೇಲಕ್ಕೆ. ತೂಕದ ಚೀಟಿಯಲ್ಲಿ ಮೋಸ ಹುಡುಕುವ ಕಣ್ಣು.

"ಈ ವಿಟಮಿನ್ ಡಿ ಅನ್ನದು ಒಸಿ ಕಮ್ಮಿ ಅದಲ್ಲ?"

"ಕಮ್ಮಿ ಅಲ್ಲರೀ, ಗೆರೆ ಮೇಲಿದೆ."

"ಗೆರೆ ಮೇಲೆ ಅಂದ್ರೆ ಗೆರೆಯಿಂದ ಆಚ್ಗೋ ಈಚ್ಗೋ?"

"ಅಣ್ಣೋ, ನಮ್ ಗಾಡಿ ತೂಕ ಆಕ್ತೀಯೋ, ಇಲ್ಲಾ ಅಕ್ಕನ್ನೇ ತೂಗ್ತಾ ಇರ್ತೀಯೋ?" ಎಂದು ಮುಂದಿನ ಟ್ರ್ಯಾಕ್ಟರಿನವನು ಹಾರನ್ ಹೊಡೆದ.

ನಮ್ಮನೆಯವರು ಕನ್ನಡಕ ತೆಗೆದು ಒರೆಸಿದರು. ಕಬ್ಬಿನ ಸಾಲು ನೋಡಿದರು, ನನ್ನನ್ನು ನೋಡಿದರು. "ಆಯ್ತು. ಮಾತು ಅಂದ್ರೆ ಮಾತು. ಯಾವತ್ತು ಓಗಾನ?" ಎಂದರು. ಅಷ್ಟು ದೊಡ್ಡ ದೇಹದಿಂದ ಅಷ್ಟು ಸಣ್ಣ ದನಿ ಬಂದಿದ್ದನ್ನು ನಾನು ಮದುವೆಯಾದಾಗಿನಿಂದ ಕೇಳಿರಲಿಲ್ಲ. ಭಯ ಅವರಿಗೂ ಇತ್ತು. ಅದನ್ನು ಕರಾರು ಅಂತ ಕರೆದಿದ್ದರು, ಅಷ್ಟೇ.

ಆಪರೇಷನ್ನಿಗೆ ಮುಂಚೆ ಆಸ್ಪತ್ರೆಯವರು ಅವರ ರಕ್ತವನ್ನೂ ಪರೀಕ್ಷೆ ಮಾಡಿದರು. ಫಲಿತಾಂಶವನ್ನು ನಾನು ಬರೆಯಬಾರದು, ಆದರೆ ಬರೆಯುತ್ತೇನೆ. ನಾಟಿ ಕೋಳಿಯ ರಕ್ತದಲ್ಲಿ ಬಿ-ಹನ್ನೆರಡು ನನ್ನ ಕೆಟ್ಟ ದಿನಗಳಿಗಿಂತಲೂ ಕೆಳಗಿತ್ತು. ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ತೆಗೆದುಕೊಂಡ ಮಾತ್ರೆಯಿಂದ ಹಾಗಾಗುವುದುಂಟಂತೆ. ಡಿ ಅಂತೂ ಗೆರೆಯಿಂದ ಆಚೆಗೋ ಈಚೆಗೋ ಎಂದು ಕೇಳುವ ಹಾಗೇ ಇರಲಿಲ್ಲ. ಇದನ್ನೆಲ್ಲ ಸರಿ ಮಾಡಿಕೊಂಡು ಮುಂದಿನ ತಿಂಗಳು ಬನ್ನಿ ಎಂದು ದಿನ ಗೊತ್ತುಮಾಡಿ, ಚೀಟಿ ಬರೆದು ಕಳಿಸಿದರು. ಅತ್ತೆಗೆ ಹೇಳಿದೆ. ಅವರು ಮಗನನ್ನು ಮೇಲಿಂದ ಕೆಳಗೆ ನೋಡಿ, "ಇಷ್ಟ್ ದೊಡ್ಡ್ ಮಡಕೆ, ಒಳುಗ್ ನೋಡುದ್ರೆ ಖಾಲಿ" ಎಂದು ಎದ್ದು ಹೋದರು. ನಿಂಬೆಹಣ್ಣು ಇನ್ನೂ ಎರಡು ತರಲು ಇರಬೇಕು.

ನಿನ್ನೆ ಬೆಳಿಗ್ಗೆ ನಮ್ಮನೆಯವರು ಮೊದಲ ಮಾತ್ರೆಯನ್ನು ನಾಲಿಗೆಯ ಕೆಳಗಿಟ್ಟುಕೊಂಡು ಜಗಲಿಯ ಮೇಲೆ ಕೂತರು. ಪೂರ್ತಿ ಕರಗಲು ಹತ್ತು ನಿಮಿಷವಾದರೂ ಬೇಕು. ಅಲ್ಲಿಯವರೆಗೆ ನುಂಗುವ ಹಾಗಿಲ್ಲ, ಮಾತಾಡುವ ಹಾಗಿಲ್ಲ. ನಾನು ಮೊಬೈಲಿನಲ್ಲಿ ಹೊತ್ತು ನೋಡಿಕೊಂಡು ಪಕ್ಕದಲ್ಲೇ ಕೂತೆ. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಅವರು ತಿರುಗಿ ಮಾತಾಡದೆ ಕೂತ ಅವಕಾಶ ನನಗೆ ಸಿಕ್ಕಿದ್ದು ಇದೇ ಮೊದಲು. ಬಿಡುತ್ತೇನೆಯೇ? ನನ್ನ ಚಿಂತೆಗಳನ್ನೆಲ್ಲ ಒಂದೊಂದಾಗಿ ಅವರ ಮುಂದೆ ಸುರಿದೆ. ಅರಿವಳಿಕೆ ಕೊಟ್ಟ ಮೇಲೆ ಏಳದಿದ್ದರೆ? ಎದ್ದ ಮೇಲೆ ಮುದ್ದೆ ಕೇಳಿದರೆ? ಕೆಲಸಕ್ಕೆ ರಜ ಸಿಗದಿದ್ದರೆ, ಆಸ್ಪತ್ರೆಯಲ್ಲಿ ಸೊಳ್ಳೆಯಿದ್ದರೆ, ಅತ್ತೆ ಒಬ್ಬರೇ ಇರುವಾಗ ಗ್ಯಾಸ್ ಮುಗಿದರೆ, ನೀವು ತೆಳ್ಳಗಾಗಿ ಚೆನ್ನಾಗಿ ಕಂಡರೆ, ನಾನು ಭಾನುವಾರ ಮಧ್ಯಾಹ್ನ ಎಣಿಸುವುದಕ್ಕೆ ಏನೂ ಇಲ್ಲದೆ ಹೋದರೆ... ಅವರು ತುಟಿ ಬಿಗಿದುಕೊಂಡು ಎಲ್ಲಕ್ಕೂ ಗಂಭೀರವಾಗಿ ತಲೆಯಾಡಿಸುತ್ತಾ ಕೇಳಿದರು. ಕಣ್ಣಲ್ಲಿ ಮಾತ್ರ ನಗು ತುಂಬಿ ತುಳುಕುತ್ತಿತ್ತು.

ಹೊತ್ತು ನೋಡಿದೆ. ಆರು ನಿಮಿಷವಾಗಿತ್ತು. ಜೀವಮಾನದ ಚಿಂತೆಯೆಲ್ಲ ಆರೇ ನಿಮಿಷಕ್ಕೆ ಮುಗಿದುಹೋಗಿತ್ತು. ಇನ್ನೂ ಒಂದಾದರೂ ಇರಬೇಕಲ್ಲ ಎಂದು ತಡಕಾಡಿದೆ. ಇರಲಿಲ್ಲ. ಮಾತ್ರೆ ಕರಗಲು ಇನ್ನೂ ನಾಲ್ಕು ನಿಮಿಷವಿತ್ತು. ಏನು ಮಾಡುವುದೆಂದು ತಿಳಿಯದೆ, ಅವರ ಪಕ್ಕದಲ್ಲಿ ಸುಮ್ಮನೆ ಕೂತಿದ್ದೆ.